ಕಾರ್ಬನ್ ಫೈಬರ್ ಟ್ರೈಪಾಡ್: ಹಗುರವಾದದ್ದೆಲ್ಲ ಗಟ್ಟಿಯೇ? ದುಡ್ಡು ಕೊಡುವ ಮುನ್ನ ತಿಳಿಯಬೇಕಾದ ಸಂಗತಿಗಳು

ಆನ್‌ಲೈನ್ ಅಂಗಡಿಯಲ್ಲಿ 'ಟ್ರೈಪಾಡ್' ಎಂದು ಹುಡುಕಿದರೆ ಸಾಲು ಸಾಲಾಗಿ ಬರುವ ಜಾಹೀರಾತುಗಳಲ್ಲಿ ಒಂದು ಮಾತು ಈಗ ಎದ್ದು ಕಾಣುತ್ತದೆ: ಕಾರ್ಬನ್ ಫೈಬರ್. ಹಗುರ, ಉಕ್ಕಿಗಿಂತ ಗಟ್ಟಿ, ವೃತ್ತಿಪರರ ಆಯ್ಕೆ, ಇವತ್ತು ಮಾತ್ರ ಅರ್ಧ ಬೆಲೆ! ಲಿಂಕನ್ನು ಗೆಳೆಯರ ಗುಂಪಿಗೆ ಕಳುಹಿಸಿ "ತಗೊಳ್ಳಬಹುದಾ?" ಎಂದು ಕೇಳುವವರೂ ಹೆಚ್ಚಾಗಿದ್ದಾರೆ.

ಪ್ರಶ್ನೆ ಸಣ್ಣದಲ್ಲ. ಟ್ರೈಪಾಡಿನ ಮೇಲೆ ಕೂರುವ ಕ್ಯಾಮೆರಾ ಅಥವಾ ಫೋನಿನ ಬೆಲೆ ಟ್ರೈಪಾಡಿನ ಬೆಲೆಯ ಹಲವು ಪಟ್ಟು ಇರುತ್ತದೆ. ಮೂರು ಕಾಲಲ್ಲಿ ಒಂದು ಜಾರಿದರೆ ನೆಲಕ್ಕೆ ಬೀಳುವುದು ಆ ದುಬಾರಿ ವಸ್ತುವೇ. ಹಾಗಾಗಿ ಕಾರ್ಬನ್ ಫೈಬರ್ ಎಂದರೇನು, ಅದು ನಿಜವಾಗಿ ಎಷ್ಟು ತೂಕ ಉಳಿಸುತ್ತದೆ, ಕಡಿಮೆ ಬೆಲೆಯಲ್ಲಿ ಕೊಳ್ಳುವಾಗ ಏನನ್ನು ನೋಡಬೇಕು, ಏನನ್ನು ನಂಬಬಾರದು ಎಂಬುದನ್ನು ಒಂದೊಂದಾಗಿ ನೋಡೋಣ.

ಚಿಕ್ಕದಾಗಿ ಹೇಳುವುದಾದರೆ

* ಟ್ರೈಪಾಡ್ ಅಲುಗದೆ ನಿಲ್ಲುವುದು ಕಾರ್ಬನ್ ಎಂಬ ಹೆಸರಿನಿಂದಲ್ಲ. ಕೊಳವೆಯ ದಪ್ಪ, ಕಾಲಿನ ತುಂಡುಗಳ ಸಂಖ್ಯೆ ಮತ್ತು ಕೀಲುಗಳ ಬಿಗಿತದಿಂದ.
* ಒಂದೇ ಮಾದರಿಯ ಅಲ್ಯೂಮಿನಿಯಂ ಮತ್ತು ಕಾರ್ಬನ್ ಟ್ರೈಪಾಡ್‌ಗಳ ನಡುವೆ ಸಾಮಾನ್ಯವಾಗಿ ಇರುವ ವ್ಯತ್ಯಾಸ ಕಾಲು ಕಿಲೋದಿಂದ ಅರ್ಧ ಕಿಲೋ.
* ಹೊತ್ತು ನಡೆಯುವವರಿಗೆ ಆ ಉಳಿತಾಯ ಬೆಲೆಬಾಳುತ್ತದೆ. ಮನೆಯಲ್ಲಿ, ಕಾರಿನಲ್ಲಿ ಬಳಸುವವರಿಗೆ ಅಷ್ಟೇ ಹಣಕ್ಕೆ ಸಿಗುವ ಒಳ್ಳೆಯ ಅಲ್ಯೂಮಿನಿಯಂ ಟ್ರೈಪಾಡ್ ಮೇಲು.
* ಕಾರ್ಬನ್ ಫೈಬರ್ ಲೋಹವಲ್ಲ, ಆದರೆ ಅದರಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ತಂತಿ ಮತ್ತು ಸಿಡಿಲಿನ ವಿಷಯದಲ್ಲಿ ಅದು ಸುರಕ್ಷಿತ ಅಲ್ಲ.

ಟ್ರೈಪಾಡ್ ಮಾಡುವ ಕೆಲಸ ಏನು?

ಬೆಳಕು ಕಡಿಮೆಯಿದ್ದಾಗ ಕ್ಯಾಮೆರಾ ಹೆಚ್ಚು ಹೊತ್ತು ಕಣ್ಣು ತೆರೆದಿರಬೇಕಾಗುತ್ತದೆ. ಆ ಹೊತ್ತಿನಲ್ಲಿ ಕೈ ಅಲುಗಿದರೆ ಚಿತ್ರ ಮಸುಕಾಗುತ್ತದೆ. ಇಂದಿನ ಫೋನುಗಳಲ್ಲೂ ಕ್ಯಾಮೆರಾಗಳಲ್ಲೂ ಅಲುಗಾಟ ತಗ್ಗಿಸುವ ವ್ಯವಸ್ಥೆ ಇರುವುದರಿಂದ ಹಗಲಿನ ಚಿತ್ರಗಳಿಗೆ ಟ್ರೈಪಾಡ್ ಬೇಕಾಗುವುದು ಅಪರೂಪ. ಆದರೆ ರಾತ್ರಿ ಆಕಾಶ, ಹಾಲಿನ ನೊರೆಯಂತೆ ಕಾಣುವ ಜಲಪಾತ, ದೂರದ ಹಕ್ಕಿ, ಎಲ್ಲರೂ ಇರಬೇಕಾದ ಕುಟುಂಬದ ಚಿತ್ರ, ಒಂದೇ ಚೌಕಟ್ಟಿನಲ್ಲಿ ನಿಲ್ಲಬೇಕಾದ ವಿಡಿಯೋ, ಇವಕ್ಕೆಲ್ಲ ಅದು ಬೇಕೇ ಬೇಕು.

ಫೋನ್ ಬಳಸುವವರಿಗೂ ಇದು ಅನ್ವಯಿಸುತ್ತದೆ. ಐಫೋನಿನ ರಾತ್ರಿ ಮೋಡ್, ಫೋನ್ ಅಲುಗದೆ ಕೂತಿದೆ ಎಂದು ಗೊತ್ತಾದರೆ ಕತ್ತಲಿನಲ್ಲಿ 30 ಸೆಕೆಂಡಿನವರೆಗೂ ಬೆಳಕು ಸಂಗ್ರಹಿಸುತ್ತದೆ. ಗೂಗಲ್ 2019ರಲ್ಲಿ ಪಿಕ್ಸೆಲ್ 4 ಜೊತೆ ತಂದ ನಕ್ಷತ್ರ ಚಿತ್ರಣದ ಸೌಲಭ್ಯ ಸುಮಾರು 4 ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಯಾರ ಕೈಯೂ ನಿಶ್ಚಲವಾಗಿ ಇರಲಾರದು.

ಟ್ರೈಪಾಡಿನಿಂದ ನಾವು ಕೇಳುವುದು ಎರಡು ಬೇರೆ ಬೇರೆ ಗುಣಗಳನ್ನು. ಒಂದು, ಅದು ಉರುಳಿ ಬೀಳಬಾರದು. ಇನ್ನೊಂದು, ಅದು ಕಂಪಿಸಬಾರದು. ಉರುಳದಿರಲು ತೂಕ ಮತ್ತು ಅಗಲವಾಗಿ ಚಾಚಿದ ಕಾಲುಗಳು ನೆರವಾಗುತ್ತವೆ. ಕಂಪಿಸದಿರಲು ಬೇಕಾಗುವುದು ಬಾಗದ, ತಿರುಚಿಕೊಳ್ಳದ ಕಾಲುಗಳು. ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಕಾರ್ಬನ್ ಫೈಬರ್ ಎಂದರೆ ಏನು?

ಹೆಸರೇ ಹೇಳುವಂತೆ ಇವು ಇಂಗಾಲದ ಎಳೆಗಳು. ಒಂದೊಂದು ಎಳೆಯ ದಪ್ಪ 5ರಿಂದ 10 ಮೈಕ್ರಾನ್, ಅಂದರೆ ನಮ್ಮ ತಲೆಕೂದಲಿಗಿಂತ ಎಷ್ಟೋ ತೆಳು. ಹೆಚ್ಚಿನ ಕಾರ್ಬನ್ ಫೈಬರ್ ತಯಾರಾಗುವುದು ಪಾಲಿಅಕ್ರಿಲೋನೈಟ್ರೈಲ್ ಎಂಬ ಪ್ಲಾಸ್ಟಿಕ್ ಎಳೆಯಿಂದ. ಮೊದಲು ಅದನ್ನು ಗಾಳಿಯಲ್ಲಿ 200ರಿಂದ 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬಿಸಿ ಮಾಡುತ್ತಾರೆ. ಆಮೇಲೆ ಆಮ್ಲಜನಕ ಇಲ್ಲದ ಕುಲುಮೆಯಲ್ಲಿ 1,000 ಡಿಗ್ರಿಗೂ ಮಿಗಿಲಾದ ಶಾಖ ಕೊಡುತ್ತಾರೆ. ಆಮ್ಲಜನಕ ಇಲ್ಲದ ಕಾರಣ ಎಳೆ ಉರಿದು ಬೂದಿಯಾಗುವುದಿಲ್ಲ. ಉಳಿದ ಅಂಶಗಳು ಹೊರಟುಹೋಗಿ ಬಹುತೇಕ ಇಂಗಾಲವೇ ಉಳಿಯುತ್ತದೆ. ಕಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ ಇದ್ದಿಲು ಮಾಡುವುದರ ಹಿಂದೆ ಇರುವ ತತ್ತ್ವವೂ ಇದೇ.

ಎಳೆಗಳು ಹಾಗೆಯೇ ಇದ್ದರೆ ಅವು ಬರೀ ದಾರ. ಅವನ್ನು ಪದರ ಪದರವಾಗಿ ಜೋಡಿಸಿ, ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ, ಬಿಸಿ ಮಾಡಿ ಗಟ್ಟಿಯಾಗಿಸಿದಾಗ ಕೊಳವೆ ಸಿದ್ಧವಾಗುತ್ತದೆ. ನಾವು 'ಕಾರ್ಬನ್ ಫೈಬರ್ ಕಾಲು' ಎನ್ನುವುದು ಎಳೆ ಮತ್ತು ಅಂಟು ಎರಡೂ ಸೇರಿದ ಸಂಯುಕ್ತ ವಸ್ತುವನ್ನು. ಬೆಂಗಳೂರಿನಲ್ಲಿ ರೂಪುಗೊಂಡ ತೇಜಸ್ ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇಕಡ 45ರಷ್ಟು, ಬೋಯಿಂಗ್ 787 ವಿಮಾನದ ತೂಕದಲ್ಲಿ ಅರ್ಧದಷ್ಟು ಇಂತಹ ಸಂಯುಕ್ತ ವಸ್ತುಗಳೇ. ಟ್ರೈಪಾಡಿಗೆ ಇದನ್ನು ಮೊದಲು ಬಳಸಿದ್ದು ಫ್ರಾನ್ಸಿನ ಗಿಟ್ಜೊ ಕಂಪನಿ, 1994ರಲ್ಲಿ.

ಇದು ಹಗುರ ಏಕೆ? ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗುತ್ತದೆ, ಅಲ್ಯೂಮಿನಿಯಂ 2.7 ಗ್ರಾಂ, ಕಾರ್ಬನ್ ಸಂಯುಕ್ತ ಸುಮಾರು 1.6 ಗ್ರಾಂ. ಅಂದರೆ ಅಲ್ಯೂಮಿನಿಯಂಗಿಂತ ಶೇಕಡ 40ರಷ್ಟು ಹಗುರ. ಎಳೆಗಳು ಸರಿಯಾದ ದಿಕ್ಕಿನಲ್ಲಿ ಜೋಡಣೆಯಾಗಿದ್ದರೆ ಬಾಗದ ಗುಣವೂ ಚೆನ್ನಾಗಿರುತ್ತದೆ. ಜೊತೆಗೆ ಒಂದು ಅನುಕೂಲ: ತಟ್ಟಿದಾಗ ಹುಟ್ಟುವ ನಡುಕವನ್ನು ಈ ವಸ್ತು ಅಲ್ಯೂಮಿನಿಯಂಗಿಂತ ಬೇಗ ಅಡಗಿಸುತ್ತದೆ.

ಹಾಗಾದರೆ ಇಡೀ ಟ್ರೈಪಾಡ್ ಶೇಕಡ 40ರಷ್ಟು ಹಗುರವೇ?

ಇಲ್ಲ. ಕಾರ್ಬನ್ ಆಗುವುದು ಮುಖ್ಯವಾಗಿ ಕಾಲಿನ ಕೊಳವೆಗಳು. ತಲೆಭಾಗ, ಕಾಲುಗಳು ಸೇರುವ ಮೇಲಿನ ಕೀಲು, ತಿರುಗಿಸಿ ಬಿಗಿಯುವ ಬೀಗಗಳು, ತಿರುಪುಗಳು ಎಲ್ಲ ಲೋಹ ಅಥವಾ ಪ್ಲಾಸ್ಟಿಕ್ ಆಗಿಯೇ ಉಳಿಯುತ್ತವೆ. ಹಾಗಾಗಿ ಒಟ್ಟು ಉಳಿತಾಯ ಕಡಿಮೆ. ಒಂದೇ ವಿನ್ಯಾಸವನ್ನು ಎರಡೂ ವಸ್ತುಗಳಲ್ಲಿ ಮಾರಿದ ಕಂಪನಿಗಳ ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ಇದು ಸ್ಪಷ್ಟವಾಗುತ್ತದೆ:

* ಪೀಕ್ ಡಿಸೈನ್ ಟ್ರಾವೆಲ್ ಟ್ರೈಪಾಡ್: ಅಲ್ಯೂಮಿನಿಯಂ 1.56 ಕಿಲೋ, ಕಾರ್ಬನ್ 1.27 ಕಿಲೋ. ಉಳಿತಾಯ 290 ಗ್ರಾಂ.
* ಮ್ಯಾನ್‌ಫ್ರೊಟೊ ಬಿಫ್ರೀ ಅಡ್ವಾನ್ಸ್ಡ್: ಅಲ್ಯೂಮಿನಿಯಂ ಸುಮಾರು ಒಂದೂವರೆ ಕಿಲೋ, ಕಾರ್ಬನ್ ಸುಮಾರು ಒಂದೂಕಾಲು ಕಿಲೋ. ಉಳಿತಾಯ ಕಾಲು ಕಿಲೋದಷ್ಟು.
* ಮ್ಯಾನ್‌ಫ್ರೊಟೊ 055, ದೊಡ್ಡ ಗಾತ್ರದ ಮೂರು ತುಂಡಿನ ಕಾಲುಗಳು: ಅಲ್ಯೂಮಿನಿಯಂ 2.5 ಕಿಲೋ, ಕಾರ್ಬನ್ 2 ಕಿಲೋ. ಉಳಿತಾಯ ಅರ್ಧ ಕಿಲೋ.

ಗಮನಿಸಿ: ಟ್ರೈಪಾಡ್ ದೊಡ್ಡದಾದಷ್ಟೂ ಕಾರ್ಬನ್‌ನಿಂದ ಸಿಗುವ ಲಾಭ ಹೆಚ್ಚು. ಪುಟ್ಟ ಟ್ರೈಪಾಡಿನಲ್ಲಿ ಕೊಳವೆಯ ಪಾಲೇ ಕಡಿಮೆ ಇರುವುದರಿಂದ ಉಳಿಯುವುದೂ ಕಡಿಮೆ.

ಬೆಲೆಯ ಕಥೆ ಬೇರೆ. ಪೀಕ್ ಡಿಸೈನ್ ಟ್ರೈಪಾಡ್ 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದಾಗ ಅಲ್ಯೂಮಿನಿಯಂ ಮಾದರಿಗೆ ಸುಮಾರು 350 ಡಾಲರ್, ಕಾರ್ಬನ್ ಮಾದರಿಗೆ ಸುಮಾರು 600 ಡಾಲರ್ ಇತ್ತು. 290 ಗ್ರಾಂ ಇಳಿಸಲು 250 ಡಾಲರ್! ಒಂದು ಗ್ರಾಂಗೆ ಹೆಚ್ಚುಕಡಿಮೆ 86 ಸೆಂಟ್.

ಇದೇ ಲೆಕ್ಕವನ್ನು ನೀವೂ ಮಾಡಿ. ಎರಡು ಮಾದರಿಗಳ ಬೆಲೆಯ ಅಂತರವನ್ನು ತೂಕದ ಅಂತರದಿಂದ ಭಾಗಿಸಿ. ಉದಾಹರಣೆಗೆ ಅಲ್ಯೂಮಿನಿಯಂಗೆ 6,000 ರೂಪಾಯಿ, ಕಾರ್ಬನ್‌ಗೆ 11,000 ರೂಪಾಯಿ, ತೂಕದ ಅಂತರ 250 ಗ್ರಾಂ ಎಂದುಕೊಳ್ಳೋಣ. ಆಗ ಒಂದು ಗ್ರಾಂಗೆ ನೀವು 20 ರೂಪಾಯಿ ಕೊಡುತ್ತಿದ್ದೀರಿ. ಅರ್ಧ ಲೀಟರ್ ನೀರಿನ ಬಾಟಲಿಯಲ್ಲಿ ಅರ್ಧದಷ್ಟು ನೀರು ಕುಡಿದು ಮುಗಿಸಿದರೆ ಚೀಲ ಇಳಿಯುವುದೂ ಅದೇ 250 ಗ್ರಾಂ. ಆ ವ್ಯತ್ಯಾಸ ನಿಮ್ಮ ಹೆಗಲಿಗೆ ಮುಖ್ಯವೋ ಅಲ್ಲವೋ ಎಂಬುದನ್ನು ನೀವೇ ನಿರ್ಧರಿಸಬಹುದು.

ಕೇಳಿಬರುವ ಮಾತುಗಳು, ಅದರ ಹಿಂದಿನ ನಿಜ

*ಮಾತು: ಭಾರ ಇದ್ದಷ್ಟೂ ಟ್ರೈಪಾಡ್ ಸ್ಥಿರ.*
ಅರ್ಧ ಸತ್ಯ. ತೂಕ ಉರುಳುವುದನ್ನು ತಡೆಯುತ್ತದೆ, ಕಂಪನವನ್ನಲ್ಲ. ತೆಳ್ಳನೆಯ ಕಾಲು, ಸಡಿಲ ಕೀಲು ಇರುವ ಭಾರದ ಟ್ರೈಪಾಡ್‌ಗಿಂತ ದಪ್ಪ ಕೊಳವೆಯ ಹಗುರ ಟ್ರೈಪಾಡ್ ಹೆಚ್ಚು ನಿಶ್ಚಲವಾಗಿರಬಲ್ಲದು. ಗಾಳಿ ಜೋರಾಗಿದ್ದರೆ ಹಗುರ ಟ್ರೈಪಾಡಿಗೆ ಚೀಲ ನೇತುಹಾಕಿ ತೂಕ ಹೆಚ್ಚಿಸಬಹುದು. ಆದರೆ ಚೀಲ ತೂಗಾಡಿದರೆ ಅದೇ ಹೊಸ ನಡುಕಕ್ಕೆ ಕಾರಣವಾಗುತ್ತದೆ. ಚೀಲದ ತಳ ನೆಲಕ್ಕೆ ತಾಗುವಂತೆ ನೇತುಹಾಕಿ.

*ಮಾತು: 15 ಕಿಲೋ ಹೊರುತ್ತದೆ ಎಂದು ಬರೆದಿದೆ, ಹಾಗಾಗಿ ಗಟ್ಟಿ.*
ಈ ಸಂಖ್ಯೆಯನ್ನು ಅಳೆಯಲು ಎಲ್ಲ ಕಂಪನಿಗಳೂ ಒಪ್ಪಿಕೊಂಡ ಒಂದೇ ವಿಧಾನ ಇಲ್ಲ. ಮುರಿಯದೆ ಎಷ್ಟು ಹೊರುತ್ತದೆ ಎಂಬುದು ಒಂದು, ಅಲುಗದೆ ಎಷ್ಟು ಹೊರುತ್ತದೆ ಎಂಬುದು ಇನ್ನೊಂದು. ಹಗ್ಗದ ಉಯ್ಯಾಲೆ ದೊಡ್ಡವರನ್ನೂ ಹೊರುತ್ತದೆ, ಹಾಗೆಂದು ಅದು ನಿಶ್ಚಲವೇ? ಬೇರೆ ಬೇರೆ ಕಂಪನಿಗಳ ಸಂಖ್ಯೆಗಳನ್ನು ಹೋಲಿಸಬೇಡಿ. ನಿಮ್ಮ ಕ್ಯಾಮೆರಾ ಮತ್ತು ಲೆನ್ಸಿನ ಒಟ್ಟು ತೂಕದ ಕನಿಷ್ಠ ಮೂರು ಪಟ್ಟಾದರೂ ಬರೆದಿರಲಿ ಎಂದು ನೋಡಿದರೆ ಸಾಕು.

*ಮಾತು: 10 ಪದರದ ಕಾರ್ಬನ್ 8 ಪದರದ್ದಕ್ಕಿಂತ ಒಳ್ಳೆಯದು.*
ಪದರ ಎಷ್ಟು ದಪ್ಪ, ಎಳೆಗಳು ಯಾವ ದಿಕ್ಕಿನಲ್ಲಿವೆ, ಅಂಟು ಎಷ್ಟು ಚೆನ್ನಾಗಿದೆ ಎಂಬುದು ತಿಳಿಯದೆ ಬರೀ ಎಣಿಕೆಯಿಂದ ಏನೂ ಗೊತ್ತಾಗುವುದಿಲ್ಲ. ಎಂಟು ದಪ್ಪ ಪದರ ಹತ್ತು ತೆಳು ಪದರಕ್ಕಿಂತ ಮೇಲಾಗಿರಬಹುದು.

*ಮಾತು: ಅಯಸ್ಕಾಂತ ಅಂಟದಿದ್ದರೆ ಅಸಲಿ ಕಾರ್ಬನ್.*
ಅಲ್ಯೂಮಿನಿಯಂಗೂ ಅಯಸ್ಕಾಂತ ಅಂಟುವುದಿಲ್ಲ, ಪ್ಲಾಸ್ಟಿಕ್‌ಗೂ ಅಂಟುವುದಿಲ್ಲ. ಈ ಪರೀಕ್ಷೆಯಿಂದ ತಿಳಿಯುವುದು 'ಇದು ಕಬ್ಬಿಣವಲ್ಲ' ಎಂಬುದಷ್ಟೇ.

*ಮಾತು: ಕಾರ್ಬನ್ ಫೈಬರ್ ಒಡೆಯುವುದೇ ಇಲ್ಲ.*
ಉದ್ದಕ್ಕೆ ಬೀಳುವ ಭಾರವನ್ನು ಅದು ಚೆನ್ನಾಗಿ ತಡೆಯುತ್ತದೆ. ಆದರೆ ಬದಿಯಿಂದ ಬಂಡೆಗೆ ಬಡಿದರೆ ಬಿರುಕು ಬಿಡಬಹುದು. ಅಲ್ಯೂಮಿನಿಯಂ ಇಂತಹ ಪೆಟ್ಟಿಗೆ ತಗ್ಗುತ್ತದೆ, ಸೊಟ್ಟಗಾಗುತ್ತದೆ. ಹಾಗಾಗಿ ಹಾನಿ ಕಣ್ಣಿಗೆ ಕಾಣುತ್ತದೆ. ಕಾರ್ಬನ್‌ನಲ್ಲಿ ಒಳಗಿನ ಪದರ ಬಿಟ್ಟುಕೊಂಡಿದ್ದರೂ ಹೊರಗೆ ಕಾಣದೆ ಇರಬಹುದು.

ಕೊಳ್ಳುವಾಗ ನೋಡಬೇಕಾದ್ದು ಏನೇನು?

*1. ಕೊಳವೆಯ ದಪ್ಪ.* ಜಾಹೀರಾತಿನಲ್ಲಿ ಇದನ್ನು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ, ಆದರೆ ಎಲ್ಲಕ್ಕಿಂತ ಮುಖ್ಯ ಇದೇ. ಗೋಡೆಯ ದಪ್ಪ ಒಂದೇ ಆಗಿದ್ದರೆ, ತೆಳುಗೋಡೆಯ ಕೊಳವೆಯ ಬಾಗದ ಶಕ್ತಿ ಅದರ ವ್ಯಾಸದ ಘನಕ್ಕೆ ಅನುಗುಣವಾಗಿ ಹೆಚ್ಚುತ್ತದೆ. 22 ಮಿಲಿಮೀಟರ್ ಕೊಳವೆಗಿಂತ 28 ಮಿಲಿಮೀಟರ್ ಕೊಳವೆ ನೋಡಲು ಸ್ವಲ್ಪವೇ ದಪ್ಪ. ಆದರೆ ಬಾಗುವುದನ್ನು ತಡೆಯುವ ಶಕ್ತಿ ಎರಡು ಪಟ್ಟು.

*2. ಕಾಲಿನ ತುಂಡುಗಳು.* ಒಂದರೊಳಗೆ ಒಂದು ಸೇರುವುದರಿಂದ ಪ್ರತಿ ತುಂಡೂ ಹಿಂದಿನದಕ್ಕಿಂತ ಸುಮಾರು 3 ಮಿಲಿಮೀಟರ್ ತೆಳುವಾಗುತ್ತಾ ಹೋಗುತ್ತದೆ. ಮೇಲಿನದು 22 ಮಿಲಿಮೀಟರ್ ಇದ್ದರೆ ಐದನೆಯದು ಸುಮಾರು 10 ಮಿಲಿಮೀಟರ್, ಅಂದರೆ ಪೆನ್ನಿನಷ್ಟು ದಪ್ಪ! ಐದು ತುಂಡಿನ ಟ್ರೈಪಾಡ್ ಮಡಚಿದಾಗ ಚಿಕ್ಕದು, ನಿಜ. ಆದರೆ ಇಡೀ ಭಾರ ನಿಲ್ಲುವುದು ಆ ಕಡ್ಡಿಯಂತಹ ತುಂಡಿನ ಮೇಲೆ. ಪ್ರಯಾಣಕ್ಕೆ ನಾಲ್ಕು ತುಂಡು ಒಳ್ಳೆಯ ರಾಜಿ. ಚಿಕ್ಕದಾಗಿ ಮಡಚಬೇಕಿಲ್ಲ ಎಂದಾದರೆ ಮೂರು ತುಂಡೇ ಗಟ್ಟಿ.

*3. ನಡುಗಂಬ ಏರಿಸದೆ ಎಷ್ಟು ಎತ್ತರ?* ಜಾಹೀರಾತಿನ 'ಗರಿಷ್ಠ ಎತ್ತರ' ಮಧ್ಯದ ಕಂಬವನ್ನು ಪೂರ್ತಿ ಮೇಲೆತ್ತಿದಾಗಿನದು. ಆ ಕಂಬ ಏರಿಸಿದರೆ ಮೂರು ಕಾಲಿನ ಮೇಲೆ ಒಂಟಿ ಕಾಲನ್ನು ನಿಲ್ಲಿಸಿದಂತೆ. ಕಂಬವಿಲ್ಲದ ಎತ್ತರವನ್ನೇ ನೋಡಿ. ಅದಕ್ಕೆ ತಲೆಭಾಗ ಮತ್ತು ಕ್ಯಾಮೆರಾ ಸೇರಿ ಸುಮಾರು 20 ಸೆಂಟಿಮೀಟರ್ ಕೂಡುತ್ತದೆ. ನಿಮ್ಮ ಎತ್ತರ 165 ಸೆಂಟಿಮೀಟರ್ ಎಂದಾದರೆ ಕಣ್ಣಿನ ಮಟ್ಟ ಸುಮಾರು 155. ಹಾಗಾಗಿ 135 ಸೆಂಟಿಮೀಟರ್ ಎತ್ತರದ ಕಾಲುಗಳಿದ್ದರೆ ಬಾಗದೆ ನೋಡಬಹುದು. ಪರದೆಯನ್ನು ನೋಡಿಯೇ ಚಿತ್ರ ತೆಗೆಯುವವರಿಗೆ ಇನ್ನೂ ಕಡಿಮೆ ಸಾಕು.

*4. ತಲೆಭಾಗ.* ಅಗ್ಗದ ಕಾರ್ಬನ್ ಟ್ರೈಪಾಡ್‌ಗಳಲ್ಲಿ ದುಡ್ಡು ಉಳಿಸುವುದು ಹೆಚ್ಚಾಗಿ ಇಲ್ಲೇ. ಗುಂಡಿನಾಕಾರದ ತಲೆಯನ್ನು ಪೂರ್ತಿ ಬಿಗಿದು, ಕ್ಯಾಮೆರಾ ಕೂರಿಸಿ, ಐದು ನಿಮಿಷ ಬಿಟ್ಟು ನೋಡಿ. ಮೂತಿ ಕೆಳಗೆ ಜೋತಿದ್ದರೆ ತಲೆ ಸರಿಯಿಲ್ಲ. ಕ್ಯಾಮೆರಾ ಕೂರುವ ಪಟ್ಟಿ 'ಆರ್ಕಾ ಸ್ವಿಸ್' ಬಗೆಯದಾಗಿದ್ದರೆ ಕಳೆದುಹೋದರೂ ಬೇರೆ ಕಂಪನಿಯದು ಹೊಂದುತ್ತದೆ. ತಲೆ ಬಿಚ್ಚಿ ಬದಲಿಸಲು ಬರುವಂತಿರಲಿ. ಕಾಲುಗಳ ಮೇಲೆ 3/8 ಇಂಚಿನ ತಿರುಪು ಇದ್ದರೆ ಮುಂದೆ ಒಳ್ಳೆಯ ತಲೆಯನ್ನು ಮಾತ್ರ ಕೊಳ್ಳಬಹುದು. ಕ್ಯಾಮೆರಾದ ಕಡೆ ಇರುವುದು ಸಾಮಾನ್ಯವಾಗಿ 1/4 ಇಂಚಿನ ತಿರುಪು.

*5. ತೂಕದಲ್ಲಿ ತಲೆ ಸೇರಿದೆಯೇ?* ಕೆಲವು ಜಾಹೀರಾತುಗಳು ಬರೀ ಕಾಲಿನ ತೂಕವನ್ನು ಹೇಳುತ್ತವೆ. ತಲೆಯೇ 300ರಿಂದ 400 ಗ್ರಾಂ ಇರಬಹುದು. ಕಾರ್ಬನ್‌ಗೆಂದು ಹೆಚ್ಚು ಹಣ ಕೊಟ್ಟು ಉಳಿಸಿದ ತೂಕ ಅಲ್ಲಿಗೆ ಸರಿಹೋಯಿತು!

*6. ಬೀಗಗಳು.* ತಿರುಗಿಸಿ ಬಿಗಿಯುವ ಬಗೆ ಚಿಕ್ಕದು, ಪೊದೆ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಮಡಚಿ ಒತ್ತುವ ಬಗೆ ಬಿಗಿಯಾಗಿದೆಯೋ ಇಲ್ಲವೋ ಎಂಬುದನ್ನು ನೋಡಿಯೇ ಹೇಳಬಹುದು. ಎರಡೂ ಸರಿ. ಮುಖ್ಯವಾದ ಪರೀಕ್ಷೆ ಒಂದೇ: ಎಲ್ಲ ಬಿಗಿದು, ಮೇಲಿನಿಂದ ಕೈಯಿಂದ ಒತ್ತಿದಾಗ ಯಾವ ಕಾಲೂ ಒಳಗೆ ಜಾರಬಾರದು.

ಎರಡು ನಿಮಿಷದ ಮನೆ ಪರೀಕ್ಷೆ

ಆನ್‌ಲೈನ್‌ನಲ್ಲಿ ತರಿಸಿದರೆ ಪೊಟ್ಟಣ ಬಿಚ್ಚುವುದನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ವಾಪಸ್ ಮಾಡುವ ಗಡುವು ಮುಗಿಯುವ ಮೊದಲೇ ಈ ಪರೀಕ್ಷೆ ಮಾಡಿ.

ಕಾಲುಗಳನ್ನು ಪೂರ್ತಿ ಚಾಚಿ, ನಡುಗಂಬ ಕೆಳಗಿರಲಿ. ಫೋನ್ ಅಥವಾ ಕ್ಯಾಮೆರಾ ಕೂರಿಸಿ, ದೂರದ ಅಂಗಡಿ ಫಲಕದ ಒಂದು ಅಕ್ಷರಕ್ಕೆ ಸಾಧ್ಯವಾದಷ್ಟು ಜೂಮ್ ಮಾಡಿ. ವಿಡಿಯೋ ಶುರುಮಾಡಿ, ಒಂದು ಕಾಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಅಕ್ಷರ ನಡುಗಿ ನಿಲ್ಲಲು ಎಷ್ಟು ಹೊತ್ತು ಬೇಕಾಯಿತು? ಒಂದೆರಡು ಸೆಕೆಂಡಿನಲ್ಲಿ ನಿಂತರೆ ಒಳ್ಳೆಯದು. ಕುಣಿಯುತ್ತಲೇ ಇದ್ದರೆ ಹೆಸರು ಏನೇ ಇರಲಿ, ಅದು ಒಳ್ಳೆಯ ಟ್ರೈಪಾಡ್ ಅಲ್ಲ. ಆಮೇಲೆ ತಲೆಭಾಗವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ತಿರುಚಿ ನೋಡಿ. ಕೀಲಿನಲ್ಲಿ ಸಡಿಲ ಇದ್ದರೆ ಕೈಗೇ ತಿಳಿಯುತ್ತದೆ. ಎರಡು ಟ್ರೈಪಾಡ್ ಹೋಲಿಸುವುದಾದರೆ ಎರಡನ್ನೂ ಒಂದೇ ಎತ್ತರಕ್ಕೆ ನಿಲ್ಲಿಸುವುದನ್ನು ಮರೆಯಬೇಡಿ.

ಅಸಲಿ ಕಾರ್ಬನ್ ಎಂದು ತಿಳಿಯುವುದು ಹೇಗೆ?

ಮೊದಲು ಪದಗಳನ್ನು ಓದಿ. 'ಕಾರ್ಬನ್ ಲುಕ್', 'ಕಾರ್ಬನ್ ಫಿನಿಶ್' ಎಂದರೆ ಹೊರಗಿನ ಬಣ್ಣ ಅಥವಾ ಹಾಳೆ ಮಾತ್ರ ಹಾಗಿದೆ ಎಂದು. 'ಕಾರ್ಬನ್ ಸ್ಟೀಲ್' ಎಂದರೆ ಪೂರ್ತಿ ಬೇರೆ ವಸ್ತು, ಅದು ಸಾದಾ ಉಕ್ಕು. ಅಲ್ಯೂಮಿನಿಯಂನ ಸುಮಾರು ಮೂರು ಪಟ್ಟು ಭಾರ!

ಕಪ್ಪು ಚೌಕುಳಿಯ ನೇಯ್ಗೆ ಕಂಡರೆ ಅಸಲಿ ಎಂದಲ್ಲ. ಅದನ್ನು ಹಾಳೆಯ ಮೇಲೆ ಮುದ್ರಿಸಿ ಸುತ್ತಬಹುದು. ಚೌಕುಳಿ ಇಲ್ಲದೆ ಸಾದಾ ಕಪ್ಪಾಗಿರುವ ಅಸಲಿ ಕೊಳವೆಗಳೂ ಇವೆ. ಹಾಗಾಗಿ ಹೀಗೆ ಮಾಡಿ:

* ಕೆಳಗಿನ ಬೀಗ ತಿರುಗಿಸಿ ಒಂದು ತುಂಡನ್ನು ಹೊರತೆಗೆಯಿರಿ. ಕೊಳವೆಯ ತುದಿ ಮತ್ತು ಒಳಮೈ ನೋಡಿ. ಬೆಳ್ಳಗೆ ಲೋಹ ಹೊಳೆದರೆ ಅಲ್ಯೂಮಿನಿಯಂ. ಒಳಗೂ ಹೊರಗೂ ಅಂಚಿನಲ್ಲೂ ಮಂಕು ಕಪ್ಪಾಗಿದ್ದರೆ ಕಾರ್ಬನ್ ಆಗಿರುವ ಸಾಧ್ಯತೆ ಹೆಚ್ಚು.
* ಬೆಳಗಿನ ಚಳಿಯಲ್ಲಿ ಮುಟ್ಟಿ ನೋಡಿ. ಅಲ್ಯೂಮಿನಿಯಂ ಕೈಯ ಬಿಸಿಯನ್ನು ಬೇಗ ಎಳೆದುಕೊಳ್ಳುವುದರಿಂದ ತಣ್ಣಗೆ ಕೊರೆಯುತ್ತದೆ. ಕಾರ್ಬನ್ ಅಷ್ಟು ತಣ್ಣಗೆ ಅನ್ನಿಸುವುದಿಲ್ಲ.
* ಉಗುರಿನಿಂದ ತಟ್ಟಿ. ಅಲ್ಯೂಮಿನಿಯಂ ಕಣ್ ಎಂದು ಸದ್ದು ಮಾಡುತ್ತದೆ, ಕಾರ್ಬನ್ ಟಕ್ ಎಂದು ಮಂಕಾಗಿ.
* ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಬರೆದಿರುವ ತೂಕದ ಜೊತೆ ಹೋಲಿಸಿ.

ಬೆಂಕಿಗೆ ಹಿಡಿದು ನೋಡುವ ಸಾಹಸ ಬೇಡ. ಅಂಟು ಸುಟ್ಟು ಹೊಗೆ ಬರುತ್ತದೆ, ಕೊಳವೆ ಹಾಳಾಗುತ್ತದೆ, ವಾಪಸ್ ಮಾಡುವ ಅವಕಾಶವೂ ಹೋಗುತ್ತದೆ. ಕಾರ್ಬನ್ ಫೈಬರ್ ಎಂದು ಹೇಳಿ ಬೇರೆಯದನ್ನು ಕಳುಹಿಸಿದ್ದರೆ ಮೊದಲು ಮಾರಾಟಗಾರರಿಗೆ ದೂರು ಕೊಡಿ. ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಾಹೀರಾತಿನ ಸ್ಕ್ರೀನ್‌ಶಾಟ್ ಮತ್ತು ಬಿಲ್ ಇಟ್ಟುಕೊಂಡಿರಿ.

ಯಾರಿಗೆ ಬೇಕು, ಯಾರಿಗೆ ಬೇಡ?

*ಬರೀ ಫೋನ್ ಬಳಸುವವರಿಗೆ:* ಕಾರ್ಬನ್ ಅಗತ್ಯವಿಲ್ಲ. 200 ಗ್ರಾಂ ಫೋನಿಗೆ ಸಾದಾ ಅಲ್ಯೂಮಿನಿಯಂ ಟ್ರೈಪಾಡ್ ಸಾಕು. ಉಳಿದ ಹಣದಲ್ಲಿ ಗಟ್ಟಿಯಾದ ಫೋನ್ ಹಿಡಿಕೆ ಕೊಳ್ಳಿ. ಸ್ಪ್ರಿಂಗ್ ಸಡಿಲವಾದ ಅಗ್ಗದ ಹಿಡಿಕೆಯಿಂದ ಫೋನ್ ಜಾರಿಬೀಳಬಹುದು. ಸ್ಕ್ರೂ ತಿರುಗಿಸಿ ಬಿಗಿಯುವ ಹಿಡಿಕೆ ಮೇಲು.

*ಚಾರಣಿಗರು, ದೂರ ನಡೆಯುವವರಿಗೆ:* ಕುಮಾರಪರ್ವತದಂತಹ ಏರಿಗೆ ಹೊತ್ತೊಯ್ಯುವವರಿಗೆ ಪ್ರತಿ ಗ್ರಾಂ ಲೆಕ್ಕಕ್ಕೆ ಬರುತ್ತದೆ. ಕಾರ್ಬನ್‌ಗೆ ಹಣ ಹಾಕುವುದು ಸಾರ್ಥಕವಾಗುವುದು ಇಲ್ಲಿ. ಚಿಕ್ಕ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಮೇಲಿನ ಕೊಳವೆ 22ರಿಂದ 25 ಮಿಲಿಮೀಟರ್, ನಾಲ್ಕು ತುಂಡು, ತಲೆ ಸೇರಿ ಒಂದೂವರೆ ಕಿಲೋದೊಳಗೆ ಇರುವುದನ್ನು ಹುಡುಕಿ.

*ಹಕ್ಕಿ, ಕಾಡುಪ್ರಾಣಿಗಳ ಚಿತ್ರ ತೆಗೆಯುವವರಿಗೆ:* 150-600 ಮಿಲಿಮೀಟರ್ ಲೆನ್ಸ್ ಒಂದೇ ಸುಮಾರು 2 ಕಿಲೋ ತೂಗುತ್ತದೆ. ಇದಕ್ಕೆ ಪುಟ್ಟ ಪ್ರಯಾಣದ ಟ್ರೈಪಾಡ್ ಸಾಲದು. 28 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪ ಕಾಲು ಬೇಕು. ಅಷ್ಟು ದೊಡ್ಡದರಲ್ಲಿ ಕಾರ್ಬನ್‌ನ ಉಳಿತಾಯವೂ ಹೆಚ್ಚು. ಸಫಾರಿ ಜೀಪಿನಲ್ಲಿ ಮಾತ್ರ ಟ್ರೈಪಾಡ್ ಬಿಚ್ಚಲು ಜಾಗವೇ ಇರುವುದಿಲ್ಲ. ಅಲ್ಲಿ ಅಕ್ಕಿ ಅಥವಾ ಕಾಳು ತುಂಬಿದ ಬಟ್ಟೆಚೀಲವೇ ಸರಿ.

*ಮನೆ, ಸ್ಟುಡಿಯೋ, ಯೂಟ್ಯೂಬ್ ವಿಡಿಯೋ:* ಟ್ರೈಪಾಡ್ ಒಂದೇ ಕಡೆ ನಿಲ್ಲುವುದರಿಂದ ಅಲ್ಯೂಮಿನಿಯಂ ಸಾಕು. ಭಾರವಿದ್ದರೆ ಒಳ್ಳೆಯದೇ, ಮಕ್ಕಳು ತಾಗಿದರೂ ಸುಲಭಕ್ಕೆ ಉರುಳುವುದಿಲ್ಲ.

ಪ್ರವಾಸ ಹೋಗುವವರಿಗೆ ಇನ್ನೊಂದು ಮಾತು. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಹಂಪಿಯಂತಹ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಮುಂಚಿತ ಅನುಮತಿ ಬೇಕು. ಹೊತ್ತುಕೊಂಡು ಹೋಗಿ ಬಾಗಿಲಲ್ಲಿ ನಿಲ್ಲುವ ಬದಲು ಮೊದಲೇ ವಿಚಾರಿಸಿ.

ಎಚ್ಚರ: ಇದರಲ್ಲಿ ವಿದ್ಯುತ್ ಹರಿಯುತ್ತದೆ

'ಕಾರ್ಬನ್ ಲೋಹವಲ್ಲ, ಹಾಗಾಗಿ ಕರೆಂಟ್ ಹೊಡೆಯುವುದಿಲ್ಲ' ಎಂಬ ನಂಬಿಕೆ ಅಪಾಯಕಾರಿ. ಇಂಗಾಲದ ಎಳೆಗಳು ವಿದ್ಯುತ್ ವಾಹಕಗಳು. ಕಾರ್ಬನ್ ಫೈಬರಿನ ಮೀನು ಗಾಳದ ಕೋಲುಗಳನ್ನು ವಿದ್ಯುತ್ ತಂತಿಗಳ ಹತ್ತಿರ ಒಯ್ಯಬಾರದು ಎಂಬ ಎಚ್ಚರಿಕೆ ಕೊಡುವುದು ಇದೇ ಕಾರಣಕ್ಕೆ. ಮೆರವಣಿಗೆ, ಜಾತ್ರೆಗಳಲ್ಲಿ ಜನರ ತಲೆಯ ಮೇಲಿಂದ ಚಿತ್ರ ತೆಗೆಯಲು ಕಾಲು ಚಾಚಿದ ಟ್ರೈಪಾಡನ್ನು ಮೇಲೆತ್ತುವವರಿದ್ದಾರೆ. ಮೇಲೆ ತಂತಿ ಇದ್ದರೆ ಹಾಗೆ ಎಂದೂ ಮಾಡಬೇಡಿ, ಅಲ್ಯೂಮಿನಿಯಂ ಆಗಲಿ ಕಾರ್ಬನ್ ಆಗಲಿ.

ಸಿಡಿಲಿಗೂ ಇದೇ ಮಾತು. ಬಯಲಿನಲ್ಲಿ, ಬೆಟ್ಟದ ತುದಿಯಲ್ಲಿ ಗುಡುಗು ಕೇಳಿದರೆ ಮಿಂಚಿನ ಚಿತ್ರದ ಆಸೆ ಬಿಟ್ಟು ಟ್ರೈಪಾಡಿನಿಂದ ದೂರ ಸರಿದು, ಗಟ್ಟಿ ಕಟ್ಟಡ ಅಥವಾ ಮುಚ್ಚಿದ ವಾಹನದೊಳಗೆ ಹೋಗಿ. ಮರದ ಕೆಳಗೆ ನಿಲ್ಲಬೇಡಿ. ಹತ್ತಿರದ ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಆ್ಯಪ್ ಉಚಿತವಾಗಿ ಸಿಗುತ್ತದೆ.

ಮುರಿದ ಕಾರ್ಬನ್ ಕೊಳವೆಯ ಅಂಚನ್ನು ಬರಿಗೈಯಲ್ಲಿ ಮುಟ್ಟಬೇಡಿ. ಸೂಕ್ಷ್ಮ ಸಿಬಿರುಗಳು ಚರ್ಮಕ್ಕೆ ಚುಚ್ಚಿಕೊಳ್ಳುತ್ತವೆ. ಗರಗಸದಿಂದ ಕತ್ತರಿಸಿ 'ರಿಪೇರಿ' ಮಾಡುವುದೂ ಬೇಡ. ಆ ಧೂಳು ಕಣ್ಣು, ಚರ್ಮ ಮತ್ತು ಉಸಿರಾಟಕ್ಕೆ ಕಿರಿಕಿರಿ ಉಂಟುಮಾಡುತ್ತದೆ.

ಬಾಳಿಕೆ ಬರಬೇಕಾದರೆ

* ಕಡಲತೀರದಿಂದ ಬಂದ ಮೇಲೆ ಕಾಲುಗಳನ್ನು ಸಿಹಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಉಪ್ಪುನೀರಿನಲ್ಲಿ ಕಾರ್ಬನ್ ಮತ್ತು ಅಲ್ಯೂಮಿನಿಯಂ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಕೀಲುಗಳು ಹಿಡಿದುಕೊಳ್ಳಲು ಇದೂ ಒಂದು ಕಾರಣ.
* ಮರಳಿನಲ್ಲಿ ಕೆಳಗಿನ ತುಂಡನ್ನು ಸ್ವಲ್ಪ ಹೊರಗೆಳೆದು ನಿಲ್ಲಿಸಿ. ಬೀಗ ಮರಳಿಗೆ ತಾಗದಿರಲಿ.
* ಬಳಸುವಾಗ ದಪ್ಪ ತುಂಡುಗಳನ್ನು ಮೊದಲು ಚಾಚಿ, ತೆಳುವಾದದ್ದನ್ನು ಕೊನೆಗೆ. ಇಳಿಜಾರಿನಲ್ಲಿ ಒಂದು ಕಾಲು ತಗ್ಗಿನ ಕಡೆಗಿರಲಿ.
* ಗುಂಡಿ ಒತ್ತುವಾಗಲೇ ಕ್ಯಾಮೆರಾ ಅಲುಗುತ್ತದೆ. 2 ಸೆಕೆಂಡಿನ ಟೈಮರ್ ಇಡಿ. ಇದಕ್ಕೆ ಒಂದು ಪೈಸೆಯೂ ಖರ್ಚಿಲ್ಲ.
* ಜೋರಾಗಿ ಬಿದ್ದಿದ್ದರೆ ಕೊಳವೆಯ ಉದ್ದಕ್ಕೂ ತಟ್ಟುತ್ತಾ ಹೋಗಿ. ಒಂದು ಕಡೆ ಸದ್ದು ಬದಲಾಗಿ ಟೊಳ್ಳಾಗಿ ಕೇಳಿದರೆ ಒಳಗೆ ಬಿರುಕಿರಬಹುದು. ಆ ಕಾಲನ್ನು ನಂಬಬೇಡಿ.

ಕೊನೆಗೆ

ಕಾರ್ಬನ್ ಫೈಬರ್ ಒಳ್ಳೆಯ ವಸ್ತು. ಆದರೆ ನೀವು ಕೊಳ್ಳುತ್ತಿರುವುದು ವಸ್ತುವನ್ನಲ್ಲ, ಟ್ರೈಪಾಡನ್ನು. ಬಜೆಟ್ ಚಿಕ್ಕದಿದ್ದಾಗ ಪೆನ್ನಿನಷ್ಟು ತೆಳು ಕಾಲಿನ, ಜೋತುಬೀಳುವ ತಲೆಯ ಕಾರ್ಬನ್ ಟ್ರೈಪಾಡ್‌ಗಿಂತ ಕಾಲು ಕಿಲೋ ಭಾರವಾದ, ಗಟ್ಟಿಮುಟ್ಟಾದ ಅಲ್ಯೂಮಿನಿಯಂ ಟ್ರೈಪಾಡ್ ನಿಮ್ಮ ಚಿತ್ರವನ್ನೂ ಕ್ಯಾಮೆರಾವನ್ನೂ ಹೆಚ್ಚು ಚೆನ್ನಾಗಿ ಕಾಪಾಡುತ್ತದೆ. ಮುಂದಿನ ಸಲ ಗುಂಪಿನಲ್ಲಿ ಅರ್ಧ ಬೆಲೆಯ ಲಿಂಕ್ ಬಂದರೆ ಮೂರು ಪ್ರಶ್ನೆ ಕೇಳಿ: ಕೊಳವೆ ಎಷ್ಟು ದಪ್ಪ? ಕಾಲಿಗೆ ಎಷ್ಟು ತುಂಡು? ನಡುಗಂಬ ಏರಿಸದೆ ಎಷ್ಟು ಎತ್ತರ? ಉತ್ತರ ಸಿಗದಿದ್ದರೆ ಆ ಲಿಂಕನ್ನು ಮುಂದಕ್ಕೆ ಕಳುಹಿಸದಿರುವುದೇ ಒಳ್ಳೆಯದು.